ಮೊದಲ ಬೈಕ್ ಕೊಳ್ಳುವ ಮುಂಚೆ ಅದನ್ನು ಒಮ್ಮೆ ಹಿಂದಕ್ಕೆ ತಳ್ಳಿ ನೋಡಿ

ನನ್ನ ಮೊದಲ ಬೈಕ್ ನನ್ನ ಮೇಲೆ ಬಿದ್ದದ್ದು ನಮ್ಮ ಮನೆ ಗೇಟಿನ ಮುಂದೆ. ಶಿವಮೊಗ್ಗದಲ್ಲಿ ಆಗಸ್ಟ್ ತಿಂಗಳು, ಬೆಳಗ್ಗೆಯಿಂದ ಬಿಡದ ಮಳೆ, ಗೇಟಿನ ಇಳಿಜಾರಿನ ಸಿಮೆಂಟಿಗೆ ಪಾಚಿ ಹಿಡಿದಿತ್ತು. ಕೆಲಸ ಮುಗಿಸಿ ಬಂದವನು ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿ, ಅಮ್ಮ ಗೇಟು ತೆಗೆಯಲಿ ಅಂತ ಕಾಯುತ್ತಿದ್ದೆ. ಬಲಗಾಲು ಊರಿದ್ದೆ. ಏರಿನಲ್ಲಿ ನಿಂತಾಗ ಎಡಗಾಲು ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೆ ಇಟ್ಟುಕೊಳ್ಳಬೇಕು ಅಂತ ಆಗ ಯಾರೂ ಹೇಳಿರಲಿಲ್ಲ. ಕಾಲು ಜಾರಿತು, ಗಾಡಿ ವಾಲಿತು. ಸ್ವಲ್ಪ ವಾಲುವವರೆಗೆ ಹಿಡಿಯಬಹುದು, ಅದು ದಾಟಿದ ಮೇಲೆ 190 ಕೆಜಿಯನ್ನು ಯಾರ ಕೈಯಲ್ಲೂ ತಡೆಯಲು ಆಗುವುದಿಲ್ಲ. ಬಿಸಿ ಸೈಲೆನ್ಸರ್ ಮೀನಖಂಡಕ್ಕೆ ಅಂಟಿಕೊಂಡಿತು. ಅಮ್ಮ, ಪಕ್ಕದ ಮನೆ ಅಂಕಲ್ ಇಬ್ಬರೂ ಸೇರಿ ಎತ್ತಿದರು.

ಗಾಯ ಒಂದು ತಿಂಗಳಲ್ಲಿ ವಾಸಿಯಾಯಿತು. ಆದರೆ ಭಯ ಹೋಗಲಿಲ್ಲ. ಸಿಗ್ನಲ್‌ನಲ್ಲಿ ನಿಲ್ಲುವುದಕ್ಕೆ ಹೆದರಿಕೆ, ಯೂ-ಟರ್ನ್ ತೆಗೆಯುವುದಕ್ಕೆ ಹೆದರಿಕೆ, ಜಲ್ಲಿ ಕಂಡರೆ ಎದೆ ಢವಢವ. ಕೊನೆಗೆ ಆ ಗಾಡಿ ಮಾರಿ, ಅಣ್ಣನ ಹಳೇ 100 ಸಿಸಿ ಬೈಕ್ ತಗೊಂಡು ಮೊದಲಿಂದ ಕಲಿತೆ. ನನಗೆ ಬೈಕ್ ಓಡಿಸಲು ಕಲಿಸಿದ್ದು ಆ ಸಣ್ಣ ಗಾಡಿ.

ಅದಕ್ಕೇ ಯಾರಾದರೂ 'ಮೊದಲ ಬೈಕ್ ಯಾವುದು ತಗೊಳ್ಳಲಿ' ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ. ಓಡುತ್ತಿರುವಾಗ ಎಲ್ಲ ಗಾಡಿಯೂ ಹಗುರ. ನಿಂತಾಗ, ತಳ್ಳುವಾಗ, ನಡಿಗೆಯ ವೇಗದಲ್ಲಿ ತಿರುಗಿಸುವಾಗ ನಿಮ್ಮ ಹಿಡಿತದಲ್ಲಿ ಇರುವ ಗಾಡಿ ತಗೊಳ್ಳಿ. ಹೊಸಬರು ಜಾಸ್ತಿ ಬೀಳುವುದು ಅಲ್ಲೇ.

ಈಗ ಅಂಕಿ ನೋಡೋಣ. ಸ್ಪ್ಲೆಂಡರ್ ಪ್ಲಸ್ ತೂಕ ಸುಮಾರು 112 ಕೆಜಿ. ಹೋಂಡಾ ಶೈನ್ 125 ಕೂಡ ಹೆಚ್ಚುಕಮ್ಮಿ ಅಷ್ಟೇ. ಟಿವಿಎಸ್ ರೈಡರ್ 123ರ ಆಸುಪಾಸು. ಯಮಹಾ ಎಫ್‌ಝಡ್ 135 ದಾಟುತ್ತದೆ, ಪಲ್ಸರ್ 150 ಇನ್ನೊಂದು ಹತ್ತು ಹದಿನೈದು ಕೆಜಿ ಜಾಸ್ತಿ. ರಾಯಲ್ ಎನ್‌ಫೀಲ್ಡ್ ಹಂಟರ್ 350 ಹತ್ತಿರ ಹತ್ತಿರ 181, ಕ್ಲಾಸಿಕ್ 350 ಆದರೆ 195. ಅಂದರೆ ಸ್ಪ್ಲೆಂಡರ್ ಮೇಲೆ ಒಬ್ಬ ದೊಡ್ಡ ಮನುಷ್ಯನನ್ನು ಕೂರಿಸಿದಷ್ಟು ಭಾರ ಕ್ಲಾಸಿಕ್‌ನಲ್ಲಿ ಮೊದಲೇ ಇದೆ. ಕ್ಲಾಸಿಕ್ ಕೆಟ್ಟ ಗಾಡಿ ಅಂತ ನಾನು ಹೇಳುತ್ತಿಲ್ಲ, ಮೂರನೇ ವರ್ಷಕ್ಕೆ ನನಗೂ ಅದು ತುಂಬಾ ಇಷ್ಟವಾಯಿತು. ಆದರೆ ಮೊದಲ ಆರು ತಿಂಗಳಲ್ಲಿ ಗಾಡಿ ಒಂದೆರಡು ಸಲವಾದರೂ ವಾಲುತ್ತದೆ. ಆಗ 112 ಕೆಜಿಯನ್ನು ತೊಡೆಯಲ್ಲಿ ಒತ್ತಿ ನಿಲ್ಲಿಸಬಹುದು, 195 ಆದರೆ ಆಗುವುದಿಲ್ಲ.

ಇನ್ನೊಂದು, ಸೀಟಿನ ಎತ್ತರ. ರೈಡರ್ 780 ಮಿಮೀ, ಸ್ಪ್ಲೆಂಡರ್ 785, ಹಂಟರ್ 790, ಕ್ಲಾಸಿಕ್ 805, ಎಕ್ಸ್‌ಪಲ್ಸ್ 200 ಆದರೆ 825. ನೋಡಿದರೆ ಒಂದೆರಡು ಇಂಚಿನ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಆ ಒಂದು ಇಂಚಿನಲ್ಲಿ ಇಡೀ ಪಾದ ಊರುತ್ತೀರೋ ಬರೀ ಹೆಬ್ಬೆರಳು ತಾಗಿಸುತ್ತೀರೋ ಅನ್ನುವುದು ನಿರ್ಧಾರವಾಗುತ್ತದೆ. ಅಂಕಿಯನ್ನೇ ಪೂರ್ತಿ ನಂಬಲೂ ಬೇಡಿ. ಸೀಟು ಅಗಲ ಇದ್ದರೆ ತೊಡೆ ಹೊರಕ್ಕೆ ಹೋಗಿ ಕಾಲು ಗಿಡ್ಡವಾದಂತೆ ಆಗುತ್ತದೆ, ಮುಂಭಾಗ ಸಣ್ಣಗೆ ಇದ್ದರೆ ಅದೇ ಎತ್ತರಕ್ಕೆ ಆರಾಮಾಗಿ ಕಾಲು ಎಟಕುತ್ತದೆ. ಕೂತು ನೋಡದೆ ಗೊತ್ತಾಗುವ ವಿಷಯ ಇದಲ್ಲ.

ಹೋದ ವರ್ಷ ಅಕ್ಕನ ಮಗಳನ್ನು ಕರೆದುಕೊಂಡು ಶೋರೂಮಿಗೆ ಹೋಗಿದ್ದೆ. ಅವಳ ಎತ್ತರ ಐದು ಅಡಿ ಒಂದಿಂಚು. ಮನಸ್ಸು ಇದ್ದದ್ದು ಒಂದು ಎತ್ತರದ, ಟ್ಯಾಂಕ್ ದಪ್ಪಗಿರುವ ಗಾಡಿ ಮೇಲೆ. ಕೂತಳು, ಒಂದು ಪಕ್ಕ ಜಾರಿ ಒಂದು ಕಾಲು ಊರಿದಳು, 'ಮಾಮ, ಎಟಕ್ತಾ ಇದೆ' ಅಂದಳು. ಸೇಲ್ಸ್ ಹುಡುಗನೂ 'ಅಭ್ಯಾಸ ಆಗುತ್ತೆ ಮೇಡಂ' ಅಂದ. ನಾನು ಒಂದೇ ಒಂದು ಕೇಳಿದೆ. 'ಇಳಿಯಬೇಡ, ಎಂಜಿನ್ ಸ್ಟಾರ್ಟ್ ಮಾಡಬೇಡ, ಕೂತ ಹಾಗೇ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳು.' ಎರಡು ಹೆಜ್ಜೆ ಹೋಯಿತು. ಮೂರನೆಯದಕ್ಕೆ ಬಾಗಿಲ ಹತ್ತಿರದ ಸಣ್ಣ ಏರು ಬಂತು, ಬೆರಳ ತುದಿಯಲ್ಲಿ ಒತ್ತಿದರೆ ಗಾಡಿ ಅಲುಗಲಿಲ್ಲ. ಅವಳ ಕೈ ಹ್ಯಾಂಡಲ್ ಮೇಲೆ ಬಿಗಿಯಾಯಿತು. ನಾನು ಹಿಂದಿನಿಂದ ಹಿಡಿದುಕೊಂಡೆ. ಪಕ್ಕದಲ್ಲಿದ್ದ 125 ಸಿಸಿ ಗಾಡಿಯನ್ನು ಅದೇ ಏರಿನಲ್ಲಿ ತಾನೇ ತಳ್ಳಿಕೊಂಡು ಹೋಗಿ, ತಿರುಗಿಸಿ, ವಾಪಸ್ ತಂದಳು. ಮತ್ತೆ ಮಾತಾಡುವುದು ಏನೂ ಉಳಿಯಲಿಲ್ಲ.

ನೀವೂ ಹಾಗೇ ಮಾಡಿ. ದಿನಾ ಹಾಕುವ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಹೋಗಿ, ಯಾಕೆಂದರೆ ಮುಂದೆಯೂ ಶೂ ಹಾಕಿಯೇ ಓಡಿಸಬೇಕು. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಬೇಕು. ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಎತ್ತಿ ನೋಡಿ. ಸೆಂಟರ್ ಸ್ಟ್ಯಾಂಡ್ ಇದ್ದರೆ ಒಬ್ಬರೇ ಹಾಕಿ ನೋಡಿ. ಹ್ಯಾಂಡಲ್ ಅನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಕೈ ಟ್ಯಾಂಕಿಗೆ ಸಿಕ್ಕಿಕೊಳ್ಳುತ್ತದಾ, ಹೊರಗಡೆಯ ತುದಿ ಕೈಗೆ ಎಟಕುತ್ತದಾ ಅಂತ ಗಮನಿಸಿ. ಕ್ಲಚ್ ಅನ್ನು ಇಪ್ಪತ್ತು ಸಲ ಹಿಡಿದು ಬಿಡಿ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಕ್ಲಚ್ ಎಷ್ಟು ಮೆತ್ತಗಿದೆ ಅನ್ನುವುದು ಎಂಜಿನ್ ಪವರ್‌ಗಿಂತ ದೊಡ್ಡ ವಿಷಯ. ಟೆಸ್ಟ್ ರೈಡ್‌ನಲ್ಲಿ ಎಲ್ಲರೂ ಖಾಲಿ ರಸ್ತೆಗೆ ಹೋಗಿ ಒಮ್ಮೆ ಜೋರಾಗಿ ಎಳೆದು ಬರುತ್ತಾರೆ. ಸುಮ್ನೆ ಅದು. ಜನ ಇರುವ ಬೀದಿಗೆ ಹೋಗಿ, ಒಂದನೇ ಗೇರಿನಲ್ಲಿ ನಿಧಾನ ಓಡಿಸಿ, ಯೂ-ಟರ್ನ್ ತೆಗೆದುಕೊಳ್ಳಿ, ಹಂಪ್ ದಾಟಿಸಿ. ಇನ್ನೂ ಓಡಿಸಲು ಬಾರದಿದ್ದರೆ ಗೊತ್ತಿರುವ ಒಬ್ಬರನ್ನು ಕರೆದುಕೊಂಡು ಹೋಗಿ ಅವರ ಹಿಂದೆ ಕೂತಾದರೂ ನೋಡಿ.

ಸಿಸಿ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಿಸಿ ಜಾಸ್ತಿ ಅಂದರೆ ವೇಗ ಜಾಸ್ತಿ ಅಂತ ಲೆಕ್ಕ. ಅದು ಪೂರ್ತಿ ಸರಿಯಲ್ಲ. 349 ಸಿಸಿಯ ಕ್ಲಾಸಿಕ್ ಸುಮಾರು 20 ಕುದುರೆ ಶಕ್ತಿ ಕೊಟ್ಟರೆ, 200 ಸಿಸಿಯ ಕೆಟಿಎಂ ಡ್ಯೂಕ್ 25ರ ಹತ್ತಿರ ಕೊಡುತ್ತದೆ. ಅದೂ ಎಷ್ಟೋ ಹಗುರವಾದ ಮೈಮೇಲೆ. ಹೊಸಬರ ಕೈ ಆಕ್ಸಿಲರೇಟರ್ ಮೇಲೆ ಇನ್ನೂ ಹದ ಕಲಿತಿರುವುದಿಲ್ಲ. ಹೊಂಡಕ್ಕೆ ಇಳಿದಾಗ ಮಣಿಕಟ್ಟು ತಾನಾಗಿ ತಿರುಗಿಬಿಡುತ್ತದೆ. 100 ಸಿಸಿ ಗಾಡಿಯಲ್ಲಿ ಆ ತಪ್ಪಿಗೆ ಒಂದು ಸಣ್ಣ ಜರ್ಕ್, ಡ್ಯೂಕ್‌ನಲ್ಲಿ ಅದೇ ತಪ್ಪಿಗೆ ಮುಂದಿನ ಕಾರಿನ ಡಿಕ್ಕಿ ಎದುರಿಗೆ ಬಂದುಬಿಡುತ್ತದೆ. ನನ್ನ ಪ್ರಕಾರ 100ರಿಂದ 160 ಸಿಸಿ ಒಳಗೆ, ಹೆಚ್ಚೆಂದರೆ 15-16 ಕುದುರೆ ಶಕ್ತಿಯ ಗಾಡಿ ಮೊದಲ ಎರಡು ವರ್ಷಕ್ಕೆ ಸಾಕು. ಊರಿನೊಳಗೆ ಮಾತ್ರ ಓಡಾಡುವವರಿಗೆ 100-110. ಇಬ್ಬರು ಕೂತು ಘಾಟಿ ಹತ್ತುವುದಿದ್ದರೆ, ಆಗುಂಬೆಯ 14 ತಿರುವಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ನರಳುವುದು ಕೇಳಿದವರಿಗೆ ಗೊತ್ತು, 125 ಅಥವಾ 150 ಇದ್ದರೆ ಒಳ್ಳೆಯದು.

ಲಡಾಖ್‌ಗೆ ಹೋಗಬೇಕು ಅಂತ ಈಗಲೇ ದೊಡ್ಡ ಗಾಡಿ ತಗೊಳ್ಳುವವರು ತುಂಬಾ ಜನ. ಲಡಾಖ್ ವರ್ಷಕ್ಕೆ ಹದಿನೈದು ದಿನ. ಉಳಿದ 350 ದಿನ ನೀವು ಇರುವುದು ತರಕಾರಿ ಮಾರ್ಕೆಟಿನಲ್ಲಿ, ಆಫೀಸಿನ ಪಾರ್ಕಿಂಗ್‌ನಲ್ಲಿ. ಹೈವೇ ಆಸೆಗೂ ಇದೇ ಮಾತು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಬ್ರೇಕ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಗಾಡಿಗಳಿಗೂ ಎಬಿಎಸ್ ಕಡ್ಡಾಯವಾಯಿತು, 125 ಸಿಸಿ ಮತ್ತು ಅದಕ್ಕಿಂತ ಕೆಳಗಿನವಕ್ಕೆ ಕಾಂಬಿ ಬ್ರೇಕ್ ಇದ್ದರೆ ಸಾಕು ಅಂತ ಮಾಡಿದರು. ಕಾಂಬಿಯಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎಬಿಎಸ್ ಆದರೆ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಕಡೆ, ಕರಾವಳಿ ಕಡೆ, ಕೆಂಪು ಮಣ್ಣು ಹರಿದು ಬಂದ ಒದ್ದೆ ಡಾಂಬರಿನ ಮೇಲೆ ಮುಂದಿನ ಚಕ್ರ ಲಾಕ್ ಆದರೆ ಕಣ್ಣು ಮಿಟುಕಿಸುವುದರೊಳಗೆ ನೆಲದ ಮೇಲೆ ಇರುತ್ತೀರಿ. ಬಜೆಟ್ ಹಿಗ್ಗುವಂತಿದ್ದರೆ ಮುಂದೆ ಡಿಸ್ಕ್ ಬ್ರೇಕ್, ಎಬಿಎಸ್ ಇರುವ ಗಾಡಿಗೆ ಹಿಗ್ಗಿಸಿ. ಬ್ಲೂಟೂತ್, ಬಣ್ಣದ ಡಿಸ್‌ಪ್ಲೇಗೆ ಬೇಡ. ಟ್ಯೂಬ್‌ಲೆಸ್ ಟಯರ್ ಕೂಡ ಇರಲಿ, ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಪಂಕ್ಚರ್ ಅಂಗಡಿ ಸಿಗುವವರೆಗೆ ಸಮಯ ಇರುತ್ತದೆ.

ಹಿಂದೆ ಯಾರು ಕೂರುತ್ತಾರೆ ಅಂತಲೂ ಯೋಚಿಸಿ. ಅಮ್ಮ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರಾದರೆ, ಹಿಂದಿನ ಸೀಟು ಗೂನಿನ ಹಾಗೆ ಮೇಲಕ್ಕೆದ್ದ ಗಾಡಿ ಅವರಿಗೆ ಶಿಕ್ಷೆ. ಉದ್ದದ, ಸಮತಟ್ಟು ಸೀಟು ಬೇಕು, ಹಿಡಿಯಲು ಕಂಬಿ ಬೇಕು, ಸೀರೆ ಚಕ್ರಕ್ಕೆ ಸಿಕ್ಕದ ಹಾಗೆ ಗಾರ್ಡ್ ಬೇಕೇ ಬೇಕು. ಚೆನ್ನಾಗಿ ಕಾಣಲ್ಲ ಅಂತ ಆ ಗಾರ್ಡ್ ಬಿಚ್ಚಿಸಬೇಡಿ, ದಯವಿಟ್ಟು.

ಇನ್ನು ದುಡ್ಡು. ಪೇಪರಿನಲ್ಲಿ ದೊಡ್ಡದಾಗಿ ಹಾಕುವುದು ಎಕ್ಸ್-ಶೋರೂಂ ಬೆಲೆ. ಕೈಯಿಂದ ಹೋಗುವುದು ರಸ್ತೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಆನ್-ರೋಡ್ ಬೆಲೆ. ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಹಗುರವಲ್ಲ, ಗಾಡಿಯ ಬೆಲೆ ಏರಿದಂತೆ ತೆರಿಗೆಯ ಶೇಕಡಾವಾರೂ ಏರುತ್ತದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ, ಅದರ ಮೇಲಿನವಕ್ಕೆ 40. ಇನ್ಶೂರೆನ್ಸ್‌ನಲ್ಲೂ ಸಿಸಿ ಲೆಕ್ಕಕ್ಕೆ ಬರುತ್ತದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ಇನ್ಶೂರೆನ್ಸ್, ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 75ರಿಂದ 150 ಸಿಸಿಗೆ 3,851 ರೂಪಾಯಿ, 150 ದಾಟಿ 350ರ ಒಳಗಿದ್ದರೆ 7,365, ಅದಕ್ಕೂ ಮೇಲಾದರೆ 15,117. 150ರ ಗೆರೆ ದಾಟಿದ ಕೂಡಲೇ ಹತ್ತಿರ ಹತ್ತಿರ ದುಪ್ಪಟ್ಟು, ಅಲ್ವಾ. ಡೀಲರ್ ಕೊಡುವ ಚೀಟಿಯನ್ನು ಸಾಲು ಸಾಲಾಗಿ ಓದಿ. 'ಹ್ಯಾಂಡ್ಲಿಂಗ್', 'ಆಕ್ಸೆಸರೀಸ್ ಕಿಟ್', 'ಟೆಫ್ಲಾನ್ ಕೋಟಿಂಗ್' ಅಂತ ಕಂಡರೆ ಏನು ಅಂತ ಕೇಳಿ, ಬೇಡದ್ದನ್ನು ತೆಗೆಸಿ. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕು ಅಂತ ಕಾನೂನೇನೂ ಇಲ್ಲ, ಹೊರಗಡೆ ವಿಚಾರಿಸಿ ಹೋಲಿಸಿ. ಸಾಲ ಮಾಡುವುದಾದರೆ ತಿಂಗಳ ಕಂತಿಗೆ ಮರುಳಾಗಬೇಡಿ. 3,500 ರೂಪಾಯಿ ಕಂತು ಸಣ್ಣದು ಅನ್ನಿಸುತ್ತದೆ, 36 ತಿಂಗಳಿಗೆ ಗುಣಿಸಿ, 1,26,000. ಆ ಮೊತ್ತವನ್ನು ಗಾಡಿ ಬೆಲೆಯ ಪಕ್ಕದಲ್ಲಿಟ್ಟು ನೋಡಿ ಆಮೇಲೆ ಸಹಿ ಹಾಕಿ.

ಬಜೆಟ್ ಹಾಕುವಾಗಲೇ ಹೆಲ್ಮೆಟ್ಟಿನ ದುಡ್ಡು ತೆಗೆದಿಡಿ. ಗಾಡಿಗೆ ಒಂದು ಲಕ್ಷ ಕೊಟ್ಟು ರಸ್ತೆ ಬದಿಯಲ್ಲಿ 300 ರೂಪಾಯಿಯ ಟೋಪಿ ತಗೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಐಎಸ್‌ಐ ಗುರುತು, ಐಎಸ್ 4151 ಅಂತ ಬರೆದಿರಬೇಕು. ಮುಖ ಪೂರ್ತಿ ಮುಚ್ಚುವುದನ್ನೇ ತಗೊಳ್ಳಿ, ಯಾಕೆಂದರೆ ಬಿದ್ದಾಗ ಗಲ್ಲವೂ ನೆಲಕ್ಕೆ ಬಡಿಯುತ್ತದೆ. ಹಾಕಿಕೊಂಡು ಬೆಲ್ಟ್ ಬಿಗಿದು ತಲೆ ಅಲ್ಲಾಡಿಸಿ. ಹೆಲ್ಮೆಟ್ ಬೇರೆ ತಲೆ ಬೇರೆ ತಿರುಗಿದರೆ ಅದು ದೊಡ್ಡದಾಯಿತು ಅಂತ ಅರ್ಥ. ಹಿಂದೆ ಕೂರುವವರಿಗೂ ಕಡ್ಡಾಯ, ಹಾಗಾಗಿ ಎರಡು ಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ. ಕಲಿಯುವ ಗಾಡಿಗೆ ಗೀರು ಬೀಳುತ್ತದೆ, ಹೊಸದಕ್ಕೆ ಬಿದ್ದರೆ ಜೀವ ಹೋದಷ್ಟು ಬೇಜಾರು. ಮೂರು ನಾಲ್ಕು ವರ್ಷದ, ಒಬ್ಬರೇ ಓಡಿಸಿದ 100-125 ಸಿಸಿ ಗಾಡಿ ಸಿಕ್ಕರೆ ಬಿಡಬೇಡಿ. ನೋಡಲು ಹೋಗುವಾಗ 'ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿ ಇದ್ದರೆ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿದ್ದಾಗ ಏನೋ ತೊಂದರೆ ಇರಬಹುದು. ಸ್ಟಾರ್ಟ್ ಆದ ಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ. ಮುಂದಿನ ಫೋರ್ಕಿನ ಮೇಲೆ ಬೆರಳು ಆಡಿಸಿ, ಎಣ್ಣೆ ಅಂಟಿದರೆ ಸೀಲ್ ಹೋಗಿದೆ. ಬ್ರೇಕ್ ಲಿವರ್‌ನ ತುದಿ, ಫುಟ್‌ರೆಸ್ಟಿನ ಅಂಚು, ಹ್ಯಾಂಡಲ್‌ನ ತುದಿ ಉಜ್ಜಿದ ಹಾಗಿದ್ದರೆ ಗಾಡಿ ಆ ಕಡೆಗೆ ಬಿದ್ದಿದೆ. ಬಿದ್ದಿದ್ದೇ ದೊಡ್ಡ ತಪ್ಪಲ್ಲ, ಸಮತಟ್ಟು ರಸ್ತೆಯಲ್ಲಿ ಗಾಡಿ ಒಂದೇ ಕಡೆಗೆ ಎಳೆಯುತ್ತಿದ್ದರೆ ಮಾತ್ರ ಕೈ ಮುಗಿದು ಬಂದುಬಿಡಿ. ಗೊತ್ತಿರುವ ಮೆಕ್ಯಾನಿಕ್‌ಗೆ ಒಂದಿಷ್ಟು ದುಡ್ಡು ಕೊಟ್ಟು ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಪೇಪರ್ ನೋಡದೆ ದುಡ್ಡು ಕೊಡಲೇಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿರುವುದಕ್ಕೆ ತಾಳೆ ನೋಡಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಬಾಕಿ ದಂಡ ಕಾಣುತ್ತದೆ, ಟ್ರಾಫಿಕ್ ಕ್ಯಾಮೆರಾಗಳು ಬಂದ ಮೇಲೆ ಹತ್ತಿಪ್ಪತ್ತು ದಂಡ ಇರುವ ಗಾಡಿಗಳೂ ಇವೆ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇದ್ದರೆ ಬ್ಯಾಂಕಿನ ಎನ್‌ಒಸಿ, ಆ ಹೆಸರು ತೆಗೆಸುವ ಫಾರ್ಮ್ 35 ಬೇಕು. ಮಾರಾಟಕ್ಕೆ ಫಾರ್ಮ್ 29, 30. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಆಗಬೇಕು. ಹೆಸರು ಬದಲಾವಣೆಯ ಅರ್ಜಿ ಹಾಕುವವರೆಗೆ ಮಾರುವವರಿಗೆ ಪೂರ್ತಿ ದುಡ್ಡು ಕೊಡದೆ ಸ್ವಲ್ಪ ಉಳಿಸಿಕೊಳ್ಳಿ. ಗಾಡಿ 15 ವರ್ಷದ ಹತ್ತಿರ ಬಂದಿದ್ದರೆ ಆರ್‌ಸಿ ನವೀಕರಣದ ಖರ್ಚೂ ನಿಮ್ಮ ತಲೆಗೆ. ಕೆಲವರಿಗೆ ಹಳೇ ಯಜ್ಡಿ ಮೇಲೆ ಪ್ರೀತಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಸದ್ದು ನನಗೂ ಇಷ್ಟ, ನಮ್ಮ ಚಿಕ್ಕಪ್ಪನ ಹತ್ತಿರ ಇತ್ತು. ಆದರೆ ಅದು ಎರಡನೇ ಗಾಡಿಯಾಗಿ ಇರಲಿ. ಕಲಿಯುವವರಿಗೆ ದಿನಾ ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ ಬೇಕು.

ಲೈಸೆನ್ಸ್ ವಿಷಯ ಬಿಟ್ಟು ಹೋಗಬಾರದು. ಎಷ್ಟೋ ಜನ ಸ್ಕೂಟರ್‌ನಲ್ಲಿ ಟೆಸ್ಟ್ ಕೊಟ್ಟು ಗೇರ್ ಇಲ್ಲದ ಗಾಡಿಯ ಡಿಎಲ್ ಮಾಡಿಸಿರುತ್ತಾರೆ. ಅದರಲ್ಲಿ ಗೇರ್ ಬೈಕ್ ಓಡಿಸುವ ಹಾಗಿಲ್ಲ, ಅಪಘಾತವಾದರೆ ಇನ್ಶೂರೆನ್ಸ್‌ನವರು ಅದನ್ನೇ ಹಿಡಿದುಕೊಳ್ಳುತ್ತಾರೆ. ನಿಮ್ಮ ಡಿಎಲ್ ತೆಗೆದು ನೋಡಿ, ಗೇರ್ ಇರುವ ಬೈಕ್ ಸೇರಿಸಿಲ್ಲದಿದ್ದರೆ ಅದಕ್ಕೆ ಅರ್ಜಿ ಹಾಕಿ. ಹೊಸದಾಗಿ ಮಾಡಿಸುವವರಿಗೆ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿದ 30 ದಿನದ ಮೇಲೆ, ಆರು ತಿಂಗಳ ಒಳಗೆ ಟೆಸ್ಟ್. ಆರ್‌ಟಿಒದಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಲು ಹೇಳುತ್ತಾರೆ, ಕಾಲು ಊರದೆ. ಅಲ್ಲೂ ಹಗುರ ಗಾಡಿಯೇ ಕೈ ಹಿಡಿಯುವುದು. 18 ತುಂಬದ ಮಗನಿಗೆ ಬೈಕ್ ಕೊಡಿಸುವ ಯೋಚನೆಯಲ್ಲಿರುವ ಅಪ್ಪ-ಅಮ್ಮಂದಿರಿಗೆ: ಅವನು ಓಡಿಸಿ ಅಪಘಾತವೇನಾದರೂ ಆದರೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಎರಡೂ ನಿಮ್ಮ ಮೇಲೆ ಬರಬಹುದು.

ಕೊನೆಗೆ ಗಾಡಿ ಮನೆಗೆ ತರುವ ದಿನ. ಪೂಜೆ, ನಿಂಬೆಹಣ್ಣು ಎಲ್ಲ ಆಗಲಿ. ಅದಕ್ಕೂ ಮುಂಚೆ ಚಾಸಿ ನಂಬರ್ ಬಿಲ್ಲಿಗೆ ತಾಳೆ ನೋಡಿ, ಎರಡೂ ಬ್ರೇಕ್ ಹಿಡಿದು ನೋಡಿ, ಲೈಟ್, ಇಂಡಿಕೇಟರ್, ಹಾರ್ನ್ ಒಂದೊಂದೇ ಹಾಕಿ ನೋಡಿ, ಎರಡನೇ ಕೀ ಕೇಳಿ ಪಡೆಯಿರಿ. ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಹತ್ತಿರದ ಬಂಕ್ ತಲುಪುವಷ್ಟೇ ಪೆಟ್ರೋಲ್ ಇರುತ್ತದೆ, ಮೊದಲು ಅಲ್ಲಿಗೇ ಹೋಗಿ, ಟಯರಿನ ಗಾಳಿಯನ್ನೂ ಅಲ್ಲೇ ಮ್ಯಾನುಯಲ್ ಪ್ರಕಾರ ಹಾಕಿಸಿ. ಹೊಸ ಟಯರಿನ ಮೇಲ್ಮೈ ಇನ್ನೂ ನುಣುಪು, ಮೊದಲ ನೂರು ಕಿಲೋಮೀಟರ್ ತಿರುವಿನಲ್ಲಿ ವಾಲಿಸಬೇಡಿ, ಬ್ರೇಕ್ ಮೆತ್ತಗೆ ಹಿಡಿಯಿರಿ. ಮತ್ತೆ ಮನೆ ಗೇಟಿನ ಇಳಿಜಾರಿಗೆ ಪಾಚಿ ಹಿಡಿದಿದ್ದರೆ, ಗಾಡಿ ತರುವ ಹಿಂದಿನ ದಿನವೇ ಬ್ಲೀಚಿಂಗ್ ಪೌಡರ್ ಹಾಕಿ ಚೆನ್ನಾಗಿ ಉಜ್ಜಿಬಿಡಿ.